ಅಲಭ್ಯ ಗ್ರಂಥಗಳ ಅನ್ವೇಷಣೆ: ಹಳೆಯ ಕ್ಯಾಮರಾ ಪುಸ್ತಕಗಳನ್ನು ಕುರಿತು

(ಅಂತಿಮ ಬಿ.ಎ. ವಿದ್ಯಾರ್ಥಿ)

ಪುಸ್ತಕವೊಂದು ಅಂಗಡಿಯಲ್ಲಿ ದೊರೆಯದಿದ್ದರೆ ಅದು ಇಲ್ಲವೆಂದೇ ನಾವು ವಿದ್ಯಾರ್ಥಿಗಳು ಸಾಮಾನ್ಯವಾಗಿ ಭಾವಿಸುತ್ತೇವೆ. ಪಠ್ಯಪುಸ್ತಕಗಳ ಮಟ್ಟಿಗೆ ಈ ಭಾವನೆಯಿಂದ ದೊಡ್ಡ ಹಾನಿಯೇನೂ ಆಗದು; ಒಂದು ಸಿಕ್ಕದಿದ್ದರೆ ಅದೇ ವಿಷಯದ ಮತ್ತೊಂದು ಸಿಕ್ಕುತ್ತದೆ. ಆದರೆ ಬದಲಿಯೇ ಇಲ್ಲದ ಪುಸ್ತಕಗಳ ಒಂದು ವರ್ಗವಿದೆ. ಒಂದು ಯಂತ್ರವನ್ನು ಕುರಿತು, ಆ ಯಂತ್ರ ಬಳಕೆಯಲ್ಲಿದ್ದ ಕಾಲದಲ್ಲಿಯೇ, ಅದನ್ನು ಬಳಸುವವರಿಗಾಗಿ ಬರೆದ ಪುಸ್ತಕಗಳು ಈ ವರ್ಗಕ್ಕೆ ಸೇರಿದವು. ಯಂತ್ರ ಹಳತಾಯಿತೆಂದರೆ ಪುಸ್ತಕವೂ ಹಳತಾಯಿತೆಂದು ಎಣಿಸಿ ಪ್ರಕಾಶಕರು ಮುದ್ರಣವನ್ನು ನಿಲ್ಲಿಸುತ್ತಾರೆ. ಗ್ರಂಥಾಲಯಗಳು ರದ್ದಿಗೆ ಹಾಕುತ್ತವೆ. ಯಂತ್ರವಾದರೋ, ಗಟ್ಟಿಯಾಗಿ ಮಾಡಿದ್ದಾದರೆ, ಎಪ್ಪತ್ತು ವರ್ಷ ಕಳೆದರೂ ಕೆಲಸ ಮಾಡುತ್ತಲೇ ಇರುತ್ತದೆ. ಫಿಲ್ಮ್ ಕ್ಯಾಮರಾಗಳ ವಿಷಯದಲ್ಲಿ ಆಗಿರುವುದು ಇದೇ.

ಇಂಥ ಪುಸ್ತಕಗಳನ್ನು ಹುಡುಕುವ ಬಗೆ ಯಾವುದು, ಹುಡುಕುವಾಗ ಯಾವ ಎಚ್ಚರ ಬೇಕು ಎಂಬುದನ್ನು ನನ್ನ ಅಲ್ಪ ಅನುಭವದಿಂದ ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ. ನಾನು ಛಾಯಾಗ್ರಾಹಕನಲ್ಲ, ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡಗಳನ್ನು ಓದುತ್ತಿರುವವನು. ಆದರೂ ಒಂದು ಕ್ಯಾಮರಾದ ನಿಮಿತ್ತದಿಂದ, ‘ಆವೃತ್ತಿ’ ಎಂಬ ಮಾತಿನ ಅರ್ಥವನ್ನು ತರಗತಿಯಲ್ಲಿ ತಿಳಿದುದಕ್ಕಿಂತ ಚೆನ್ನಾಗಿ ತಿಳಿಯುವಂತಾಯಿತು.

೧. ಹುಡುಕಾಟದ ಕಾರಣ

ನನ್ನ ತಂದೆಯವರು ನಮ್ಮೂರಿನ ಒಂದು ಫೋಟೋ ಸ್ಟುಡಿಯೊದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಡಾರ್ಕ್ ರೂಮಿನ ಕೆಲಸ ಮಾಡಿದವರು. ಫಿಲ್ಮ್ ತೊಳೆಯುವುದು, ಪ್ರಿಂಟು ಹಾಕುವುದು, ಒಣಗಿಸಿ ಅಂಚು ಕತ್ತರಿಸುವುದು ಅವರ ಪಾಲಿನ ಕೆಲಸ. ಕ್ಯಾಮರಾ ಮುಟ್ಟುವ ಅಧಿಕಾರ ಮಾಲೀಕರೊಬ್ಬರದೇ. ಡಿಜಿಟಲ್ ಬಂದ ಮೇಲೆ ಸ್ಟುಡಿಯೊ ಮುಚ್ಚಿತು. ಬಾಕಿ ಉಳಿದಿದ್ದ ಸಂಬಳದ ಲೆಕ್ಕಕ್ಕೆ ಮಾಲೀಕರು ಒಂದು ರೋಲಿಫ್ಲೆಕ್ಸ್ ಕ್ಯಾಮರಾವನ್ನೂ, ಸಣ್ಣಪುಟ್ಟ ಸಾಮಾನುಗಳಿದ್ದ ಒಂದು ತಗಡಿನ ಡಬ್ಬಿಯನ್ನೂ ಅಪ್ಪನಿಗೆ ಕೊಟ್ಟರು. ನನಗೆ ಬುದ್ಧಿ ತಿಳಿದಾಗಿನಿಂದ ಅವೆರಡೂ ನಮ್ಮ ಮನೆಯ ಅಟ್ಟದ ಮೇಲಿದ್ದವು.

ಹೋದ ವರ್ಷ ಯುಗಾದಿಗೆ ಊರಿಗೆ ಹೋದಾಗ, ಈ ಕ್ಯಾಮರಾದಲ್ಲಿ ಅಜ್ಜಿಯ ಒಂದು ಚಿತ್ರ ತೆಗೆಯಬೇಕೆಂಬ ಆಸೆ ನನಗೆ ಹುಟ್ಟಿತು. ವಿದ್ಯಾರ್ಥಿವೇತನದ ಹಣದಲ್ಲಿ ಬೆಂಗಳೂರಿನಿಂದ ಒಂದು ರೋಲ್ ಫಿಲ್ಮ್ ತರಿಸಿದೆ. ಮೊಬೈಲಿನಲ್ಲಿ ಹುಡುಕಿದಾಗ ಸಿಕ್ಕ ಒಂದು ಹಳೆಯ ಸೂಚನಾ ಪುಸ್ತಿಕೆಯನ್ನು ಎರಡು ಸಲ ಓದಿ, ಅದರಲ್ಲಿ ಹೇಳಿದ್ದಂತೆಯೇ ಫಿಲ್ಮ್ ಹಾಕಿದೆ. ಅಜ್ಜಿ ಪಟ್ಟೆ ಸೀರೆ ಉಟ್ಟು ಜಗಲಿಯ ಮೇಲೆ ಬಂದು ಕುಳಿತರು. ನಾನು ಪಕ್ಕದ ಹಿಡಿಯನ್ನು ತಿರುಗಿಸಿದೆ. ಒಂದನೆಯ ಚಿತ್ರಕ್ಕೆ ಅದು ತಾನಾಗಿ ನಿಲ್ಲಬೇಕು. ನಿಲ್ಲಲಿಲ್ಲ. ಇನ್ನೂ ತಿರುಗಿಸಿದೆ. ಅಪ್ಪ ಬಾಗಿಲಲ್ಲಿ ನಿಂತು, “ಮಾಲೀಕ್ರು ತಿರುಗ್ಸಿದ್ರೆ ಟಕ್ ಅಂತ ನಿಲ್ತಿತ್ತು ಕಣೋ” ಎಂದರು. ಅಷ್ಟರಲ್ಲಿ ಇಡೀ ರೋಲು ಒಂದು ಸುರುಳಿಯಿಂದ ಇನ್ನೊಂದಕ್ಕೆ ಸುತ್ತಿಹೋಗಿತ್ತು. ಒಂದು ಚಿತ್ರವೂ ಬೀಳಲಿಲ್ಲ. “ಆಯ್ತೇನಪ್ಪಾ?” ಎಂದು ಅಜ್ಜಿ ಕೇಳಿದರು. “ಆಯ್ತಜ್ಜಿ” ಎಂದೆ. ಆ ಸುಳ್ಳು ಬಹುದಿನ ನನ್ನನ್ನು ಚುಚ್ಚಿತು. ಏಕೆಂದರೆ ಮುಂದೆ ಪ್ರತಿಸಲ ಊರಿಗೆ ಹೋದಾಗಲೂ ಅವರು ಫೋಟೋ ಎಲ್ಲಿ ಎಂದು ವಿಚಾರಿಸುತ್ತಿದ್ದರು.

ತಪ್ಪು ಎಲ್ಲಿ ಆಯಿತೆಂಬುದು ಆಮೇಲೆ ತಿಳಿಯಿತು. ನಾನು ಓದಿದ ಪುಸ್ತಿಕೆ ರೋಲಿಕಾರ್ಡ್ ಎಂಬ ಕ್ಯಾಮರಾದ್ದು. ಅದು ರೋಲಿಫ್ಲೆಕ್ಸನ್ನು ಮಾಡಿದ ಕಂಪನಿಯದೇ ಆದ, ಬೆಲೆಯಲ್ಲಿ ಕಡಿಮೆಯಾದ ತಂಗಿ ಕ್ಯಾಮರಾ. ನೋಡಲು ಎರಡೂ ಒಂದೇ ತೆರನಾಗಿವೆ. ನಾನು ಓದಿದ ಪುಸ್ತಿಕೆಯ ಪ್ರಕಾರ ಫಿಲ್ಮಿನ ಬೆನ್ನ ಕಾಗದದ ಮೇಲಿರುವ ಬಾಣದ ಗುರುತನ್ನು ಕ್ಯಾಮರಾದೊಳಗಿನ ಕೆಂಪು ಚುಕ್ಕೆಗಳಿಗೆ ಸರಿಹೊಂದಿಸಿ ಮುಚ್ಚಬೇಕು. ನಮ್ಮ ಮನೆಯದು ‘ಆಟೊಮ್ಯಾಟ್’ ಜಾತಿಯ ರೋಲಿಫ್ಲೆಕ್ಸ್. ೧೯೩೭ರಲ್ಲಿ ಬಂದ ಈ ಜಾತಿಯಲ್ಲಿ ಕೆಳಗಡೆಯ ಸುರುಳಿಯ ಬಳಿ ಎರಡು ಹೊಳೆಯುವ ಸಣ್ಣ ಉರುಳೆಗಳಿವೆ. ಕಾಗದದ ತುದಿಯನ್ನು ಈ ಎರಡರ ನಡುವೆ ತೂರಿಸಿ ಮೇಲಕ್ಕೆ ಒಯ್ಯಬೇಕು. ಬರಿಯ ಕಾಗದ ಹಾದುಹೋಗಿ, ಫಿಲ್ಮನ್ನು ಕಾಗದಕ್ಕೆ ಅಂಟಿಸಿದ ಕಡೆ ಬಂದಾಗ ದಪ್ಪ ಹೆಚ್ಚುತ್ತದಷ್ಟೆ. ಆ ಕೂದಲೆಳೆಯಷ್ಟು ದಪ್ಪವನ್ನು ಉರುಳೆಗಳು ಗ್ರಹಿಸಿ ಎಣಿಕೆಯ ಚಕ್ರವನ್ನು ಚಾಲನೆಗೊಳಿಸುತ್ತವೆ. ಹಿಡಿ ಒಂದನೆಯ ಚಿತ್ರದಲ್ಲಿ ತಾನೇ ನಿಲ್ಲುತ್ತದೆ. ಕಾಗದವನ್ನು ಉರುಳೆಗಳ ಮೇಲಿನಿಂದ ಹಾಯಿಸಿದರೆ ಕ್ಯಾಮರಾಕ್ಕೆ ಫಿಲ್ಮ್ ಬಂದುದೇ ತಿಳಿಯುವುದಿಲ್ಲ. ಪುಸ್ತಿಕೆಯಲ್ಲಿ ಇದ್ದುದೆಲ್ಲ ಸತ್ಯವೇ; ಆದರೆ ಅದು ಬೇರೊಂದು ಕ್ಯಾಮರಾದ ಸತ್ಯ. ಪುಸ್ತಕವೇ ಇಲ್ಲದಿದ್ದರೆ ನಾನು ಹೆದರಿ ಕೈ ತಡೆಯುತ್ತಿದ್ದೆ. ಹತ್ತಿರದ ಸಂಬಂಧಿಯ ಪುಸ್ತಕ ಸಿಕ್ಕಿದ್ದರಿಂದ ಧೈರ್ಯವಾಗಿ ಕೆಟ್ಟೆ.

೨. ಕ್ಯಾಮರಾ ‘ವ್ಯವಸ್ಥೆ’ ಎಂದರೇನು?

ಇಷ್ಟಕ್ಕೆ ಒಂದು ಸರಿಯಾದ ಪುಸ್ತಿಕೆ ಸಾಲದೆ, ಪುಸ್ತಕವೇ ಏಕೆ ಬೇಕು ಎಂದು ಯಾರಾದರೂ ಕೇಳಬಹುದು. ಉತ್ತರ ಆ ತಗಡಿನ ಡಬ್ಬಿಯಲ್ಲಿತ್ತು. ಅದರಲ್ಲಿ ಒಂದು ತೆಳುವಾದ ಮತ್ತು ಒಂದು ದಪ್ಪನಾದ ಗಾಜಿನ ಬಿಲ್ಲೆಗಳು, ಹಳದಿ ಗಾಜಿನ ಒಂದು ಉಂಗುರ, ಕಪ್ಪು ಬಣ್ಣದ ಒಂದು ಚೌಕಟ್ಟು, ಹಲ್ಲುಗಳಿದ್ದ ಒಂದು ಸುರುಳಿ ಇದ್ದವು. ಯಾವುದು ಯಾವುದರ ಜೊತೆಗೆ, ಯಾವ ಕೆಲಸಕ್ಕೆ ಎಂಬುದು ಯಾರಿಗೂ ತಿಳಿಯದು. ಕ್ಯಾಮರಾದ ಜೊತೆಗೆ ಕೊಡುವ ಪುಸ್ತಿಕೆ ಕ್ಯಾಮರಾವನ್ನು ಮಾತ್ರ ವಿವರಿಸುತ್ತದೆ. ಸುತ್ತಣ ಪರಿವಾರವನ್ನು ವಿವರಿಸುವುದು ಪುಸ್ತಕದ ಕೆಲಸ.

ಕ್ಯಾಮರಾವನ್ನು ಹೀಗೆ ಪರಿವಾರಸಮೇತವಾಗಿ ಬೆಳೆಸಿದುದು ಇಪ್ಪತ್ತನೆಯ ಶತಮಾನದ ಜರ್ಮನಿಯ ಸಾಧನೆ. ವೆಟ್ಜ್ಲರ್ ಎಂಬ ಊರಿನ ಲೈಟ್ಸ್ ಕಾರ್ಖಾನೆಯಲ್ಲಿ ಆಸ್ಕರ್ ಬಾರ್ನಾಕ್ ಎಂಬ ಕುಶಲಿ ರೂಪಿಸಿದ ಲೈಕಾ ಕ್ಯಾಮರಾ ೧೯೨೫ರಲ್ಲಿ ಲೈಪ್ಜಿಗ್ ಮೇಳದಲ್ಲಿ ಜನರ ಮುಂದೆ ಬಂದಿತು. ಕೆಲವೇ ವರ್ಷಗಳಲ್ಲಿ ಅದಕ್ಕೆ ಬದಲಿಸಬಹುದಾದ ಲೆನ್ಸುಗಳು, ದೃಶ್ಯದರ್ಶಕಗಳು, ಸಮೀಪಚಿತ್ರಣದ ಸಾಧನಗಳು, ಸೂಕ್ಷ್ಮದರ್ಶಕಕ್ಕೆ ಜೋಡಿಸುವ ಉಪಕರಣಗಳು ಸೇರಿಕೊಂಡವು. ೧೯೩೨ರಲ್ಲಿ ಡ್ರೆಸ್ಡೆನ್ನಿನ ಝೈಸ್ ಇಕಾನ್ ಕಂಪನಿ ಕಾಂಟ್ಯಾಕ್ಸ್ ಕ್ಯಾಮರಾದೊಡನೆ ಸ್ಪರ್ಧೆಗಿಳಿಯಿತು. ಬ್ರೌನ್‌ಷ್ವೈಗಿನಲ್ಲಿ ಪಾಲ್ ಫ್ರಾಂಕೆ ಮತ್ತು ರೈನ್‌ಹೋಲ್ಡ್ ಹೈಡೆಕೆ ಎಂಬಿಬ್ಬರು ೧೯೨೦ರಲ್ಲಿ ಸ್ಥಾಪಿಸಿದ ಕಂಪನಿ ೧೯೨೯ರಲ್ಲಿ ರೋಲಿಫ್ಲೆಕ್ಸನ್ನು ಹೊರತಂದಿತು. ಇದರಲ್ಲಿ ಮೇಲೊಂದು ಕೆಳಗೊಂದು ಎರಡು ಲೆನ್ಸು. ಮೇಲಿನದು ನೋಡಲು, ಕೆಳಗಿನದು ಚಿತ್ರ ತೆಗೆಯಲು. ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿಯೆಂದು ಹೆಸರಾದ ಹೋಮಾಯ್ ವ್ಯಾರಾವಾಲಾ ಅವರ ಕೈಯಲ್ಲಿದ್ದುದೂ ರೋಲಿಫ್ಲೆಕ್ಸೇ.

ಈ ಪರಿವಾರಗಳ ಸಾಮಾನುಗಳ ಮೇಲೆ ಅವುಗಳ ಉಪಯೋಗವನ್ನು ಬರೆದಿರುವುದು ಅಪರೂಪ. ಲೈಟ್ಸ್ ಕಂಪನಿಯಂತೂ ಪ್ರತಿಯೊಂದು ಸಾಮಾನಿಗೂ ತಂತಿಯಲ್ಲಿ ಕಳುಹಿಸಲು ಅನುಕೂಲವಾಗುವಂತೆ ಐದಕ್ಷರದ ಒಂದು ಸಂಕೇತನಾಮವನ್ನು ಇಟ್ಟಿತ್ತು. ‘ಫಿಸಾನ್’ ಎಂದರೆ ಲೆನ್ಸಿಗೆ ಬಿಸಿಲು ಮರೆ. ‘ವಿಡಾಮ್’ ಎಂದರೆ ಹಲವು ಲೆನ್ಸುಗಳಿಗೆ ಹೊಂದುವ ದೃಶ್ಯದರ್ಶಕ. ‘ನೂಕಿ’ ಎಂದರೆ ಸಮೀಪಚಿತ್ರಣದ ಸಾಧನ. ಮುಂದೆ ಈ ಹೆಸರುಗಳ ಜಾಗದಲ್ಲಿ ಬರಿಯ ಅಂಕಿಗಳು ಬಂದವು. ಕೋಶವಿಲ್ಲದೆ ಹಳಗನ್ನಡ ಕಾವ್ಯವನ್ನು ಓದಹೊರಟವನ ಪಾಡು ಹೇಗೋ, ಪುಸ್ತಕವಿಲ್ಲದೆ ಈ ಸಾಮಾನುಗಳನ್ನು ಕೈಗೆತ್ತಿಕೊಂಡವನ ಪಾಡೂ ಹಾಗೆಯೇ.

೩. ಪುಸ್ತಕಗಳ ಎರಡು ಬಗೆ

ಹುಡುಕುತ್ತ ಹೋದಂತೆ ಈ ಪುಸ್ತಕಗಳಲ್ಲಿ ಸ್ಪಷ್ಟವಾದ ಎರಡು ಬಗೆಗಳಿರುವುದು ಕಂಡುಬಂದಿತು.

ಮೊದಲನೆಯವು ಬಳಕೆದಾರರಿಗಾಗಿ ಬರೆದವು. ಅಮೆರಿಕದಲ್ಲಿ ವಿಲ್ಲರ್ಡ್ ಮಾರ್ಗನ್ ಮತ್ತು ಹೆನ್ರಿ ಲೆಸ್ಟರ್ ಅವರು ೧೯೩೫ರಲ್ಲಿ ಹೊರತಂದ ‘ಲೈಕಾ ಮ್ಯಾನ್ಯುಯಲ್’ ಇವುಗಳಲ್ಲಿ ಪ್ರಸಿದ್ಧವಾದುದು. ಬ್ರಿಟನ್ನಿನಲ್ಲಿ ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದುದು ಫೋಕಲ್ ಪ್ರೆಸ್. ಅದನ್ನು ೧೯೩೮ರಲ್ಲಿ ಲಂಡನ್ನಿನಲ್ಲಿ ಸ್ಥಾಪಿಸಿದವರು ಹಂಗೆರಿ ಮೂಲದ ವಲಸಿಗರಾದ ಆಂಡೋರ್ ಕ್ರಾಸ್ನಾ-ಕ್ರಾಸ್. ಡಬ್ಲ್ಯು. ಡಿ. ಇಮ್ಯಾನ್ಯುಯಲ್ ಅವರ ಕಿಸೆಗೆ ಹಿಡಿಯುವ ‘ಗೈಡ್’ಗಳು, ಎಲ್. ಎ. ಮ್ಯಾನ್‌ಹೈಮ್ ಅವರ ‘ದಿ ರೋಲಿ ವೇ’, ಆಂಡ್ರೂ ಮ್ಯಾಥೆಸನ್ ಅವರ ‘ದಿ ಲೈಕಾ ವೇ’ ಇವೆಲ್ಲ ಈ ಸಂಸ್ಥೆಯ ಪ್ರಕಟಣೆಗಳು. ಕ್ಯಾಮರಾವನ್ನು ಹಿಡಿಯುವುದರಿಂದ ಹಿಡಿದು ಯಾವ ಗಾಜು ಯಾವ ದೂರಕ್ಕೆ ಎಂಬ ಕೋಷ್ಟಕದವರೆಗೆ ಎಲ್ಲವೂ ಇವುಗಳಲ್ಲಿರುತ್ತವೆ.

ಎರಡನೆಯವು ಸಂಗ್ರಾಹಕರಿಗಾಗಿ, ಕ್ಯಾಮರಾಗಳು ಹಳತಾದ ಮೇಲೆ ಬರೆದ ಇತಿಹಾಸಗಳು. ಇಂಗ್ಲೆಂಡಿನ ಹೋವ್ ಎಂಬ ಕಡಲತೀರದ ಊರಿನ ಪ್ರಕಾಶನವೊಂದು ೧೯೮೦ ಮತ್ತು ೧೯೯೦ರ ದಶಕಗಳಲ್ಲಿ ಇಂಥವನ್ನು ಅನೇಕವಾಗಿ ಹೊರತಂದಿತು. ಕ್ಯಾನನ್ ಕಂಪನಿಯ ೧೯೩೩ರಿಂದ ೧೯೬೮ರವರೆಗಿನ ಕ್ಯಾಮರಾಗಳನ್ನು ಕುರಿತ ಪೀಟರ್ ಡೆಕರ್ಟ್ ಅವರ ಪುಸ್ತಕ, ಯುದ್ಧಾನಂತರ ಪೂರ್ವ ಪಶ್ಚಿಮವೆಂದು ಇಬ್ಭಾಗವಾದ ಝೈಸ್ ಕಂಪನಿಯನ್ನು ಕುರಿತ ಸ್ಮಾಲ್ ಮತ್ತು ಬ್ಯಾರಿಂಜರ್ ಅವರ ‘ಝೈಸ್ ಕಂಪೆಂಡಿಯಮ್’ ಇದಕ್ಕೆ ನಿದರ್ಶನಗಳು. ರೋಲಿಯ ಮಟ್ಟಿಗೆ ಕ್ಲಾಸ್ ಪ್ರೋಖ್ನೊ ಅವರು ಜರ್ಮನ್ ಭಾಷೆಯಲ್ಲಿ ಹಲವು ಸಂಪುಟಗಳಲ್ಲಿ ಬರೆದ ‘ರೋಲಿ ರಿಪೋರ್ಟ್’ ಪ್ರಮಾಣಗ್ರಂಥವೆನಿಸಿದೆ. ವಿಚಿತ್ರವೆಂದರೆ, ಅಲಭ್ಯ ಕ್ಯಾಮರಾಗಳ ಇತಿಹಾಸವನ್ನು ಉಳಿಸಲೆಂದು ಬಂದ ಈ ಪುಸ್ತಕಗಳಲ್ಲಿಯೂ ಬಹುಪಾಲು ಇಂದು ತಾವೇ ಅಲಭ್ಯವಾಗಿವೆ.

ಎರಡೂ ಬಗೆ ಬೇಕು. ಅದೂ ಒಂದು ಕ್ರಮದಲ್ಲಿ. ನಮ್ಮ ಕ್ಯಾಮರಾದ ಮೇಲೆ ‘ರೋಲಿಫ್ಲೆಕ್ಸ್’ ಎಂಬ ಹೆಸರು, ಒಂದು ಕ್ರಮಸಂಖ್ಯೆ, ಟೆಸ್ಸಾರ್ ಲೆನ್ಸಿನ ಹೆಸರು ಇಷ್ಟೇ ಇವೆ. ಯಾವ ಮಾದರಿ, ಯಾವ ಕಾಲದ್ದು ಎಂಬುದಿಲ್ಲ. ಕ್ರಮಸಂಖ್ಯೆಯನ್ನು ಸಂಗ್ರಾಹಕರ ಪಟ್ಟಿಗಳೊಡನೆ ಹೋಲಿಸಿದಾಗ ಅದು ೧೯೫೦ರ ದಶಕದ ಆದಿಭಾಗದ ಆಟೊಮ್ಯಾಟ್ ಎಂದು ಗೊತ್ತಾಯಿತು. ಕೈಯಲ್ಲಿರುವುದು ಏನು ಎಂಬುದನ್ನು ಇತಿಹಾಸಗ್ರಂಥ ಹೇಳುತ್ತದೆ. ಅದನ್ನು ಏನು ಮಾಡಬೇಕು ಎಂಬುದನ್ನು ಬಳಕೆಯ ಗ್ರಂಥ ಹೇಳುತ್ತದೆ. ಮೊದಲ ಪ್ರಶ್ನೆಗೆ ಉತ್ತರ ತಿಳಿಯದೆ ಎರಡನೆಯದಕ್ಕೆ ಹಾರಿದುದೇ ಯುಗಾದಿಯ ದಿನ ನಾನು ಮಾಡಿದ ತಪ್ಪು.

೪. ಹೊಸ ಆವೃತ್ತಿಯೇ ಮೇಲೆಂಬ ಭ್ರಮೆ

ಪಠ್ಯಪುಸ್ತಕಗಳಲ್ಲಿ ಇತ್ತೀಚಿನ ಆವೃತ್ತಿಯನ್ನೇ ಕೊಳ್ಳಬೇಕೆಂದು ನಮಗೆ ಅಭ್ಯಾಸವಾಗಿದೆ. ಇಲ್ಲಿ ಆ ನಿಯಮ ತಲೆಕೆಳಗಾಗುತ್ತದೆ. ಬಳಕೆಯ ಗ್ರಂಥಗಳು ಹೊಸ ಮಾದರಿ ಬಂದಂತೆಲ್ಲ ಪರಿಷ್ಕೃತವಾಗುತ್ತಿದ್ದವು. ಹೊಸದಕ್ಕೆ ಸ್ಥಳ ಮಾಡಿಕೊಡಲು ಹಳೆಯದರ ವಿವರ ಕುಗ್ಗುವುದು ಸಹಜವಷ್ಟೆ. ಹೆಸರು ಅದೇ, ಗ್ರಂಥಕರ್ತ ಅವನೇ; ಪುಸ್ತಕ ಮಾತ್ರ ಬೇರೆ.

‘ಲೈಕಾ ಮ್ಯಾನ್ಯುಯಲ್’ ಇದಕ್ಕೆ ಒಳ್ಳೆಯ ಉದಾಹರಣೆ. ೧೯೩೫ರ ಪುಸ್ತಕ ತಿರುಪಿನ ಲೆನ್ಸುಳ್ಳ ಲೈಕಾಗಳ ಕಾಲದ್ದು. ೧೯೫೪ರಲ್ಲಿ ಲೈಕಾ ಎಂ-೩ ಬಂದು, ತಿರುಪಿನ ಬದಲಿಗೆ ತಿರುಚಿ ಕೂಡಿಸುವ ಹೊಸ ಜೋಡಣೆ ರೂಢಿಯಾಯಿತು. ೧೯೭೩ರಲ್ಲಿ ಹದಿನೈದನೆಯ ಆವೃತ್ತಿ ಬರುವ ಹೊತ್ತಿಗೆ ಅದು ಬೇರೆ ಸಂಪಾದಕರ ಕೈಯಲ್ಲಿ, ೩೫ ಮಿಲಿಮೀಟರ್ ಛಾಯಾಗ್ರಹಣವನ್ನೆಲ್ಲ ಒಳಗೊಂಡ ಗ್ರಂಥವಾಗಿ ಮಾರ್ಪಟ್ಟಿತ್ತು. ಅಜ್ಜನ ಕಾಲದ ತಿರುಪಿನ ಲೈಕಾ ಇರುವವನು ಹದಿನೈದನೆಯ ಆವೃತ್ತಿಯನ್ನು ಹೆಚ್ಚು ಬೆಲೆ ಕೊಟ್ಟು ಕೊಂಡರೆ ಅವನಿಗೆ ಬೇಕಾದುದು ಸಿಕ್ಕುವ ಭರವಸೆಯಿಲ್ಲ.

ಆದುದರಿಂದ ಇಂಥ ಪುಸ್ತಕವನ್ನು ಹುಡುಕುವವನು ಮೊದಲು ಬರೆದಿಟ್ಟುಕೊಳ್ಳಬೇಕಾದುದು ಪುಸ್ತಕದ ಹೆಸರನ್ನಲ್ಲ, ಕ್ಯಾಮರಾದ ವರ್ಷವನ್ನು. ಆ ವರ್ಷಕ್ಕೆ ಸಮೀಪವಾದ, ಅದಕ್ಕಿಂತ ಸ್ವಲ್ಪ ಈಚಿನ ಆವೃತ್ತಿಯೇ ಅವನಿಗೆ ಉತ್ತಮ. ಶಾಸನಗಳ ಅಧ್ಯಯನದಲ್ಲಿ, ಘಟನೆಗೆ ಸಮಕಾಲೀನವಾದ ಆಧಾರಕ್ಕೆ ಹೆಚ್ಚು ಬೆಲೆಯೆಂದು ನಮ್ಮ ಇತಿಹಾಸದ ಗುರುಗಳು ಹೇಳುವ ಮಾತು ಕ್ಯಾಮರಾಕ್ಕೂ ಅನ್ವಯಿಸುತ್ತದೆಂದು ನಾನು ಎಣಿಸಿರಲಿಲ್ಲ.

೫. ಹುಡುಕುವ ದಾರಿ

ಇಂದು ಯಾವ ಪುಸ್ತಕವನ್ನು ಹುಡುಕಬೇಕಾದರೂ ಐ.ಎಸ್.ಬಿ.ಎನ್. ಸಂಖ್ಯೆಯನ್ನು ಕೇಳುತ್ತಾರೆ. ಈ ಬಗೆಯ ಸಂಖ್ಯೆ ಬ್ರಿಟನ್ನಿನಲ್ಲಿ ಮೊದಲಾದುದು ೧೯೬೭ರಲ್ಲಿ. ಅಂತರರಾಷ್ಟ್ರೀಯ ಮಾನಕವಾದುದು ೧೯೭೦ರಲ್ಲಿ. ಅದಕ್ಕೂ ಹಿಂದಿನ ಪುಸ್ತಕಗಳಿಗೆ ಸಂಖ್ಯೆಯೇ ಇಲ್ಲ. ಗ್ರಂಥಕರ್ತ, ಪ್ರಕಾಶಕ, ಊರು, ವರ್ಷ, ಆವೃತ್ತಿ ಈ ಐದನ್ನು ಹಿಡಿದುಕೊಂಡೇ ಹುಡುಕಬೇಕು. ಇವು ತಿಳಿಯಲು ಅಂತರ್ಜಾಲದಲ್ಲಿರುವ ವರ್ಲ್ಡ್‌ಕ್ಯಾಟ್ ಎಂಬ ಒಕ್ಕೂಟ ಸೂಚಿ ಬಹಳ ಉಪಯುಕ್ತ. ಅದು ಪುಸ್ತಕವನ್ನು ಕೊಡುವುದಿಲ್ಲ. ಇಂಥ ಪುಸ್ತಕ ಇಂತಿಷ್ಟು ಆವೃತ್ತಿಗಳಲ್ಲಿ ಬಂದಿದೆ, ಇಂಥ ಇಂಥ ಗ್ರಂಥಾಲಯಗಳಲ್ಲಿದೆ ಎಂದು ತಿಳಿಸುತ್ತದೆ. ನಮ್ಮ ದೇಶದ ವಿಶ್ವವಿದ್ಯಾನಿಲಯಗಳ ಪುಸ್ತಕಗಳಿಗೆ ಇನ್‌ಫ್ಲಿಬ್‌ನೆಟ್ ಸಂಸ್ಥೆಯ ಒಕ್ಕೂಟ ಸೂಚಿಯಿದೆ.

ಪೂರ್ಣಪಾಠಕ್ಕೆ ಇಂಟರ್‌ನೆಟ್ ಆರ್ಕೈವ್ ಎಂಬ ಭಂಡಾರವನ್ನು ನೋಡಬಹುದು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಪುಸ್ತಕಗಳ ಪ್ರತಿಗಳೂ ಅಲ್ಲಿ ಸೇರಿವೆ. ಕೃತಿಸ್ವಾಮ್ಯ ಮುಗಿಯದ ಪುಸ್ತಕಗಳನ್ನು ಅದು ಎರವಲಾಗಿ ಕೊಡುತ್ತಿದ್ದುದರ ಬಗ್ಗೆ ವ್ಯಾಜ್ಯವಾಗಿ, ೨೦೨೪ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಪ್ರಕಾಶಕರ ಪರವಾಗಿ ತೀರ್ಪು ಕೊಟ್ಟಿತು. ಹಾತಿಟ್ರಸ್ಟ್ ಎಂಬ ಇನ್ನೊಂದು ಭಂಡಾರವಿದೆ. ಆನೆಯ ನೆನಪಿನ ಶಕ್ತಿಯನ್ನು ಸೂಚಿಸಲು ಹಿಂದಿಯ ‘ಹಾಥಿ’ ಶಬ್ದವನ್ನೇ ಅಮೆರಿಕದವರು ಇದಕ್ಕೆ ಹೆಸರಾಗಿ ಇಟ್ಟಿದ್ದಾರೆ. ಕೃತಿಸ್ವಾಮ್ಯ ಇರುವ ಪುಸ್ತಕದ ಪುಟವನ್ನು ಅದು ತೋರಿಸದಿದ್ದರೂ, ನಾವು ಕೇಳಿದ ಶಬ್ದ ಯಾವ ಪುಟದಲ್ಲಿ ಎಷ್ಟು ಸಲ ಬಂದಿದೆ ಎಂದು ಹೇಳುತ್ತದೆ. ಪುಸ್ತಕ ನಮ್ಮ ಕೆಲಸಕ್ಕೆ ಬರುವುದೋ ಇಲ್ಲವೋ ಎಂಬುದನ್ನು ಹಣ ಕೊಡುವ ಮುನ್ನವೇ ಇದರಿಂದ ಊಹಿಸಬಹುದು.

ಹಣ ಕೊಟ್ಟು ಕೊಳ್ಳುವ ಮಾತು ನನ್ನ ಮಟ್ಟಿಗೆ ಮುಂದುವರಿಯಲಿಲ್ಲ. ಇಂಗ್ಲೆಂಡಿನ ಹಳೆಯ ಪುಸ್ತಕದಂಗಡಿಗಳಲ್ಲಿ ಬೆಲೆ ಹೆಚ್ಚೇನೂ ಇರಲಿಲ್ಲ. ಆದರೆ ಅಂಚೆ ವೆಚ್ಚ ಪುಸ್ತಕದ ಬೆಲೆಯನ್ನು ಮೀರಿತ್ತು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಒಂದು ಭಾನುವಾರವಿಡೀ ಸುತ್ತಿದೆ. ಸ್ಪರ್ಧಾ ಪರೀಕ್ಷೆಯ ಪುಸ್ತಕಗಳ ರಾಶಿಯ ನಡುವೆ ಛಾಯಾಗ್ರಹಣದ ನಾಲ್ಕಾರು ಸಿಕ್ಕಿದವು, ಬೇಕಾದುದು ಸಿಕ್ಕಲಿಲ್ಲ. ಹಳೆಯ ಪುಸ್ತಕ ಮಾರುವ ಹಿರಿಯರೊಬ್ಬರು ಒಂದು ಮಾತು ಹೇಳಿದರು: “ಇಂಥಾವು ಅಂಗಡೀಗೆ ಬರೋದು ಯಾರಾದ್ರೂ ತೀರಿಕೊಂಡು ಮನೆ ಖಾಲಿ ಮಾಡಿದಾಗ. ನೀವು ಅಂಗಡಿ ಹುಡುಕ್ಬೇಡಿ, ಕ್ಯಾಮರಾ ಇಟ್ಕೊಂಡಿದ್ದೋರ ಮನೆ ಹುಡುಕಿ.”

ಈ ಮಾತು ನನ್ನ ಕಣ್ಣು ತೆರೆಸಿತು. ನಮ್ಮ ಕಾಲೇಜಿನ ಹಳೆಯ ವಾರ್ಷಿಕ ಸಂಚಿಕೆಗಳನ್ನು ತಿರುವಿಹಾಕುತ್ತಿದ್ದಾಗ, ಒಂದು ಕಾಲದಲ್ಲಿ ಭೌತಶಾಸ್ತ್ರ ವಿಭಾಗದ ಆಶ್ರಯದಲ್ಲಿ ಛಾಯಾಗ್ರಹಣ ಸಂಘವೊಂದು ನಡೆಯುತ್ತಿದ್ದುದು ತಿಳಿಯಿತು. ಆದರೆ ನಮ್ಮ ಗ್ರಂಥಾಲಯದ ಗಣಕದಲ್ಲಿ ಕ್ಯಾಮರಾ ಎಂದು ಹುಡುಕಿದರೆ ಒಂದು ಪುಸ್ತಕವೂ ಬರುತ್ತಿರಲಿಲ್ಲ. ಡ್ಯೂಯಿ ವರ್ಗೀಕರಣದಲ್ಲಿ ಛಾಯಾಗ್ರಹಣಕ್ಕೆ ೭೭೦, ಅದರ ಉಪಕರಣಗಳಿಗೆ ೭೭೧. ಆ ಅಂಕಿಗಳ ಕಪಾಟಿನಲ್ಲಿಯೂ ಏನೂ ಇರಲಿಲ್ಲ. ಆಗ ಗ್ರಂಥಪಾಲಕರು ಒಳಗಿನಿಂದ ಅಕ್ಸೆಷನ್ ರಿಜಿಸ್ಟರುಗಳನ್ನು ತೆಗೆಸಿಕೊಟ್ಟರು. ಸೂಚಿಗೂ ಈ ರಿಜಿಸ್ಟರಿಗೂ ಇರುವ ವ್ಯತ್ಯಾಸವನ್ನು ಸಹಪಾಠಿಗಳು ಅವಶ್ಯವಾಗಿ ತಿಳಿಯಬೇಕು. ಈಗ ಕಪಾಟಿನಲ್ಲಿ ಏನಿದೆ ಎಂಬುದನ್ನು ಸೂಚಿ ಹೇಳುತ್ತದೆ. ಎಂದೆಂದು ಏನೇನು ಬಂದಿತೆಂಬುದನ್ನು ರಿಜಿಸ್ಟರು ಹೇಳುತ್ತದೆ. ಒಮ್ಮೆ ಬರೆದ ಸಾಲನ್ನು ಅದರಲ್ಲಿ ಅಳಿಸುವಂತಿಲ್ಲ; ಪುಸ್ತಕ ಕಳೆದರೂ ರದ್ದಾದರೂ ಪಕ್ಕದಲ್ಲಿ ಷರಾ ಬರೆಯುತ್ತಾರೆ ಅಷ್ಟೆ.

ಮೂರು ಮಧ್ಯಾಹ್ನ ಧೂಳಿನಲ್ಲಿ ಕುಳಿತು ಸಾಲು ಸಾಲಾಗಿ ಓದಿದ ಮೇಲೆ, ೧೯೬೦ರ ದಶಕದ ರಿಜಿಸ್ಟರೊಂದರಲ್ಲಿ ಅಂದವಾದ ನೀಲಿ ಅಕ್ಷರದಲ್ಲಿ ಮ್ಯಾನ್‌ಹೈಮ್, ‘ದಿ ರೋಲಿ ವೇ’, ಫೋಕಲ್ ಪ್ರೆಸ್ ಎಂದು ಬರೆದಿತ್ತು. ಷರಾ ಅಂಕಣದಲ್ಲಿ ‘ಭೌತಶಾಸ್ತ್ರ ವಿಭಾಗಕ್ಕೆ’ ಎಂದಿತ್ತು, ಹಿಂದಿರುಗಿದ ಉಲ್ಲೇಖವಿರಲಿಲ್ಲ. ಭೌತಶಾಸ್ತ್ರದ ಗುರುಗಳು ಕನಿಕರಿಸಿ, ಮುರಿದ ತಕ್ಕಡಿಗಳನ್ನೂ ಹಳೆಯ ಮಸೂರಗಳನ್ನೂ ತುಂಬಿದ್ದ ಬೀರುವೊಂದನ್ನು ತೆರೆಸಿದರು. ಕೆಳಗಿನ ಅರೆಯಲ್ಲಿ, ರದ್ದಿಗೆ ಕಟ್ಟಿಟ್ಟಿದ್ದ ಕಂತೆಯೊಂದರಲ್ಲಿ ಪುಸ್ತಕ ಇತ್ತು. ೧೯೫೦ರ ದಶಕದ ಮುದ್ರಣ. ನಮ್ಮ ಕ್ಯಾಮರಾಕ್ಕೆ ತಕ್ಕ ಆವೃತ್ತಿ. ಬೆನ್ನಿನ ಬಟ್ಟೆಯನ್ನು ಗೆದ್ದಲು ತಿಂದಿತ್ತು. ಒಳಗಿನ ಪುಟಗಳು ಕ್ಷೇಮವಾಗಿದ್ದವು.

೬. ಮುದ್ರಣದಲ್ಲಿಲ್ಲ, ಸ್ವತಂತ್ರವೂ ಅಲ್ಲ

ಇಲ್ಲಿ ಕಾನೂನಿನ ಒಂದೆರಡು ಮಾತು ಅವಶ್ಯಕ. ಪುಸ್ತಕ ಮುದ್ರಣದಲ್ಲಿ ಇಲ್ಲವೆಂದ ಮಾತ್ರಕ್ಕೆ ಅದರ ಕೃತಿಸ್ವಾಮ್ಯ ಮುಗಿಯಿತೆಂದು ಅರ್ಥವಲ್ಲ. ನಮ್ಮ ದೇಶದಲ್ಲಿ ಗ್ರಂಥಕರ್ತನ ಮರಣಾನಂತರ ಅರವತ್ತು ವರ್ಷ, ಬ್ರಿಟನ್ನಿನಲ್ಲಿ ಎಪ್ಪತ್ತು ವರ್ಷ ಅದು ಇರುತ್ತದೆ. ೧೯೫೫ರಲ್ಲಿ ಪುಸ್ತಕ ಬರೆದು ೧೯೮೫ರವರೆಗೆ ಬದುಕಿದ ಗ್ರಂಥಕರ್ತನೊಬ್ಬನನ್ನು ಕಲ್ಪಿಸಿಕೊಳ್ಳಿ. ಅವನ ಪುಸ್ತಕ ಭಾರತದಲ್ಲಿ ೨೦೪೫ರವರೆಗೂ ಸ್ವತಂತ್ರವಾಗುವುದಿಲ್ಲ. ಲಾಭವಿಲ್ಲವೆಂದು ಪ್ರಕಾಶಕ ಮುದ್ರಿಸುವುದಿಲ್ಲ. ಹಕ್ಕಿಲ್ಲವೆಂದು ಇತರರು ಮುದ್ರಿಸುವಂತಿಲ್ಲ. ಎರಡರ ನಡುವೆ ಪುಸ್ತಕ ಸಾಯುತ್ತದೆ.

ಈ ಸ್ಥಿತಿಯನ್ನು ನಮ್ಮ ಶಾಸನಕಾರರು ಒಂದು ಮಟ್ಟಿಗೆ ಮೊದಲೇ ಕಂಡಿದ್ದರು. ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ೫೨ನೆಯ ಕಲಮಿನ ಪ್ರಕಾರ, ಭಾರತದಲ್ಲಿ ಮಾರಾಟಕ್ಕೆ ಸಿಕ್ಕದ ಪುಸ್ತಕವಾದರೆ, ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯದ ಮುಖ್ಯಸ್ಥರು ಗ್ರಂಥಾಲಯದ ಉಪಯೋಗಕ್ಕಾಗಿ ಮೂರಕ್ಕೆ ಮೀರದಂತೆ ಪ್ರತಿಗಳನ್ನು ಮಾಡಿಸಬಹುದು. ಸ್ವಂತ ಅಧ್ಯಯನಕ್ಕಾಗಿ ನ್ಯಾಯವಾದ ಮಿತಿಯಲ್ಲಿ ಬಳಸಿಕೊಳ್ಳಲು ವಿದ್ಯಾರ್ಥಿಗೂ ಅದೇ ಕಲಮಿನಲ್ಲಿ ಅವಕಾಶವಿದೆ. ನನಗೆ ಬೇಕಾದ ಎರಡು ಅಧ್ಯಾಯಗಳನ್ನು ನಾನು ಕೈಯಿಂದಲೇ ಬರೆದುಕೊಂಡೆ. ಬರೆದುಕೊಂಡುದು ಮರೆಯುವುದಿಲ್ಲವೆಂಬ ಲಾಭವೂ ಅದರಲ್ಲಿ ಸೇರಿತು.

೭. ಓದಿ ಹೇಳಿದುದು

ದಸರಾ ರಜೆಯಲ್ಲಿ ಊರಿಗೆ ಹೋದಾಗ ಬರೆದುಕೊಂಡ ಹಾಳೆಗಳನ್ನು ಒಯ್ದಿದ್ದೆ. ಅಪ್ಪ ನಾಲ್ಕನೆಯ ತರಗತಿಯವರೆಗೆ ಓದಿದವರು, ಇಂಗ್ಲಿಷ್ ಬಾರದು. ರಾತ್ರಿ ಊಟವಾದ ಮೇಲೆ ನಾನು ಒಂದೊಂದೇ ವಾಕ್ಯವನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ಅವರು ಡಬ್ಬಿಯಿಂದ ಒಂದೊಂದೇ ಸಾಮಾನನ್ನು ತೆಗೆದು ನೋಡುತ್ತ ಹೋದರು. ಎರಡು ಗಾಜಿನ ಬಿಲ್ಲೆಗಳು ‘ರೋಲಿನಾರ್ ೧’ ಎಂಬ ಜೋಡಿ. ಕ್ಯಾಮರಾ ತಾನಾಗಿ ಸುಮಾರು ಒಂದು ಮೀಟರಿಗಿಂತ ಹತ್ತಿರದ್ದನ್ನು ಸ್ಪಷ್ಟವಾಗಿ ಹಿಡಿಯಲಾರದು. ಇವನ್ನು ಹಾಕಿದರೆ ಅರ್ಧ ಮೀಟರಿನವರೆಗೆ ಹತ್ತಿರ ಹೋಗಬಹುದು. ತೆಳುವಾದುದು ಕೆಳಗಿನ ಲೆನ್ಸಿಗೆ, ದಪ್ಪನಾದುದು ಮೇಲಿನದಕ್ಕೆ. ಮೇಲಿನ ಲೆನ್ಸು ಕಂಡುದನ್ನೇ ಕೆಳಗಿನದೂ ಕಾಣುವಂತೆ ಸರಿಪಡಿಸಲು ದಪ್ಪ ಗಾಜನ್ನು ಓರೆಯಾಗಿ ಕಡೆದಿದ್ದಾರೆ. ಅದರ ಅಂಚಿನ ಕೆಂಪು ಚುಕ್ಕೆ ಮೇಲಕ್ಕೆ ಬರುವಂತೆ ಹಾಕಬೇಕು. “ಮುಖ ತುಂಬಾ ಬರೋ ನೆಗೆಟಿವ್ ಹೆಂಗೆ ಬರ್ತಿತ್ತೋ ಅಂತ ಅಷ್ಟು ವರ್ಷ ಅಂದ್ಕೊಂಡಿದ್ದೆ. ಇದ್ರಿಂದ್ಲಾ!” ಎಂದು ಅಪ್ಪ ಆ ಗಾಜನ್ನು ದೀಪಕ್ಕೆ ಹಿಡಿದು ನೋಡಿದರು.

ಹಲ್ಲಿನ ಸುರುಳಿ ಮತ್ತು ಕಪ್ಪು ಚೌಕಟ್ಟು, ದೊಡ್ಡ ಫಿಲ್ಮಿನ ಬದಲಿಗೆ ೩೫ ಮಿಲಿಮೀಟರ್ ಫಿಲ್ಮ್ ಹಾಕುವ ‘ರೋಲಿಕಿನ್’ ಸಾಧನದ ಭಾಗಗಳು. ಉಳಿದ ಭಾಗಗಳು ಡಬ್ಬಿಯಲ್ಲಿ ಇರಲಿಲ್ಲವಾದ್ದರಿಂದ ಅವು ನಮಗೆ ನಿರುಪಯೋಗಿ. ಅದನ್ನು ತಿಳಿದುದೂ ಲಾಭವೇ.

ಪುಸ್ತಕ ಎಲ್ಲದರಲ್ಲಿಯೂ ಗೆಲ್ಲಲಿಲ್ಲ. ಫಿಲ್ಮನ್ನು ೬೮ ಡಿಗ್ರಿ ಫ್ಯಾರನ್‌ಹೈಟ್, ಅಂದರೆ ೨೦ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ತೊಳೆಯಬೇಕೆಂದು ನಾನು ಹೇಳಿದಾಗ ಅಪ್ಪ ನಕ್ಕರು. “ಅದು ಅವರ ದೇಶದ ನೀರು. ನಮ್ಮ ನಲ್ಲೀಲಿ ಬರೋ ನೀರಿನ ಬಿಸಿಗೆ ಫಿಲ್ಮ್ ಅಷ್ಟು ಹೊತ್ತು ಬಿಟ್ರೆ ಕಪ್ಪಾಗೋಗತ್ತೆ. ಹೊರಗಡೆ ಬಕೀಟಿಗೆ ಐಸ್ ಹಾಕಿ, ಕೈ ಇಟ್ಟು ನೋಡ್ಬೇಕು, ಇಲ್ಲಾ ಹೊತ್ತು ಕಮ್ಮಿ ಮಾಡ್ಬೇಕು” ಎಂದರು. ಶಾಖ ಹೆಚ್ಚಾದರೆ ಕಾಲ ಕಡಿಮೆಯಾಗಬೇಕೆಂಬ ಕೋಷ್ಟಕ ನನ್ನ ಹಾಳೆಯಲ್ಲಿಯೂ ಇತ್ತು. ಅವರು ಅದನ್ನು ಕೈಯಿಂದ ಕಲಿತಿದ್ದರು.

ಮರುದಿನ ಬೆಳಿಗ್ಗೆ ಕಾಗದದ ತುದಿಯನ್ನು ಎರಡು ಉರುಳೆಗಳ ನಡುವೆ ತೂರಿಸಿದವರು ಅಪ್ಪ. ಹಿಡಿಯನ್ನು ತಿರುಗಿಸಿದವನು ನಾನು. ಅದು ಒಂದರಲ್ಲಿ ಟಕ್ಕೆಂದು ನಿಂತಿತು. ಅಜ್ಜಿ ಮತ್ತೆ ಅದೇ ಪಟ್ಟೆ ಸೀರೆ ಉಟ್ಟಿದ್ದರು. “ಅವತ್ತಿನದು ಬಂದಿರ್ಲಿಲ್ಲ ಅಜ್ಜಿ” ಎಂದು ಆಗ ನಿಜ ಹೇಳಿದೆ. “ನಂಗೊತ್ತಿತ್ತು ಬಿಡೋ. ಬಂದಿದ್ರೆ ನಿಮ್ಮಪ್ಪ ಅವತ್ತೇ ತೊಳೀತಿದ್ದ” ಎಂದರು. ಹನ್ನೆರಡು ಚಿತ್ರಗಳಲ್ಲಿ ಒಂಬತ್ತು ಚೆನ್ನಾಗಿ ಬಂದವು. ಅಪ್ಪ ಹದಿನೆಂಟು ವರ್ಷದ ಮೇಲೆ ಮತ್ತೆ ಫಿಲ್ಮ್ ತೊಳೆದಿದ್ದರು.

ಉಪಸಂಹಾರ

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಓದಿನಿಂದ ಮನೆಗೆ ಏನು ಪ್ರಯೋಜನವೆಂದು ಊರಿನಲ್ಲಿ ಕೇಳುವವರಿಗೆ ಇಷ್ಟು ದಿನ ನೌಕರಿಯ ಮಾತನ್ನೇ ಉತ್ತರವಾಗಿ ಹೇಳುತ್ತಿದ್ದೆ. ಈಗ ಇನ್ನೊಂದು ಉತ್ತರವೂ ಇದೆ. ಅಪ್ಪನ ಕೈಗೆ ತಿಳಿದಿದ್ದುದು ಪುಸ್ತಕದಲ್ಲಿ ಪೂರ್ತಿಯಾಗಿ ಇರಲಿಲ್ಲ; ಪುಸ್ತಕದಲ್ಲಿದ್ದುದು ಅಪ್ಪನಿಗೆ ಮುಟ್ಟಿರಲಿಲ್ಲ. ನಡುವೆ ಓದಿ ಹೇಳುವ ಒಬ್ಬನು ಬೇಕಾಗಿತ್ತು.

ಗ್ರಂಥಾಲಯಶಾಸ್ತ್ರಕ್ಕೆ ನಮ್ಮ ದೇಶದಲ್ಲಿ ತಳಹದಿ ಹಾಕಿದ, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದ ಎಸ್. ಆರ್. ರಂಗನಾಥನ್ ಅವರು ೧೯೩೧ರಲ್ಲಿಯೇ, ಪುಸ್ತಕವನ್ನು ಕಾಯುವುದಕ್ಕಿಂತ ಅದನ್ನು ತಕ್ಕ ವಾಚಕನಿಗೆ ಮುಟ್ಟಿಸುವುದೇ ಗ್ರಂಥಾಲಯದ ಧರ್ಮವೆಂದು ಪ್ರತಿಪಾದಿಸಿದ್ದರು. ವಾಚಕನು ಅರವತ್ತು ವರ್ಷ ತಡವಾಗಿಯೂ ಬರಬಹುದೆಂಬುದನ್ನು ಇದಕ್ಕೆ ಸೇರಿಸಿಕೊಳ್ಳಬೇಕೆಂದು ನನಗೆ ತೋರುತ್ತದೆ. ಹಳೆಯ ಯಂತ್ರದ ಪುಸ್ತಕವನ್ನು ರದ್ದಿಗೆ ಹಾಕುವ ಮುನ್ನ, ಆ ಯಂತ್ರ ಯಾರದಾದರೂ ಮನೆಯ ಅಟ್ಟದ ಮೇಲೆ ಇನ್ನೂ ಇರಬಹುದಲ್ಲವೆ ಎಂದು ಒಮ್ಮೆ ಯೋಚಿಸಬೇಕೆಂದು ಗುರುಹಿರಿಯರಲ್ಲಿ ವಿನಂತಿ. ಸಹಪಾಠಿಗಳಿಗೆ ಹೇಳುವುದಿಷ್ಟೆ: ಬೇಕಾದ ಪುಸ್ತಕ ಗಣಕದಲ್ಲಿ ಕಾಣದಿದ್ದರೆ ಇಲ್ಲವೆಂದು ಹಿಂದಿರುಗಬೇಡಿ, ರಿಜಿಸ್ಟರನ್ನು ಕೇಳಿ ನೋಡಿ.

ಗ್ರಂಥಾಲಯದವರು ಆ ಪುಸ್ತಕಕ್ಕೆ ಹೊಸ ಬೆನ್ನು ಹಾಕಿಸಿ ೭೭೧ರ ಕಪಾಟಿನಲ್ಲಿ ಇಟ್ಟಿದ್ದಾರೆ. ಫಿಲ್ಮ್ ಹಾಕುವ ಕ್ರಮ, ಗಾಜಿನ ಜೋಡಿಯ ಉಪಯೋಗ, ನಮ್ಮ ನೀರಿಗೆ ಹೊಂದುವಂತೆ ಅಪ್ಪ ಹೇಳಿದ ತೊಳೆಯುವ ಹೊತ್ತು ಈ ಮೂರನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು, ಅದರ ಒಂದು ಪ್ರತಿಯನ್ನು ಪುಸ್ತಕದೊಳಗೆ ಇರಿಸಲು ಗ್ರಂಥಪಾಲಕರ ಅನುಮತಿ ಪಡೆದಿದ್ದೇನೆ. ಇನ್ನೊಂದು ಪ್ರತಿ ಊರಿನಲ್ಲಿ, ತಗಡಿನ ಡಬ್ಬಿಯಲ್ಲಿದೆ.